ನಂಗೇನ್ ಬ್ಯಾಡಪ್ಪ

ಹೋಟೆಲಿಗೆ ಜೊತೆಯಾಗುವ ಗೆಳೆಯರಲ್ಲಿ ಹಲವು ಜಾತಿ. ಬಿಲ್ಲು ಬರುವ ಹೊತ್ತಿಗೆ ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋಗುವವನು ಎಲ್ಲ ಊರಲ್ಲೂ ಸಿಗುತ್ತಾನೆ. ಸಪ್ಲೈಯರ್ ಹುಡುಗನನ್ನು ನಿಲ್ಲಿಸಿಕೊಂಡು, ಇರುವುದು ಇಲ್ಲದ್ದು ಎಲ್ಲ ಬಾಯಿಪಾಠ ಒಪ್ಪಿಸಿಕೊಂಡು, ಕಡೆಗೆ ಅರ್ಧ ಚಹಾ ಹೇಳುವವನೂ ಇದ್ದಾನೆ. ಇವರನ್ನೆಲ್ಲ ಹೇಗೋ ತಾಳಿಕೊಳ್ಳಬಹುದು. ನನ್ನ ಆಯುಷ್ಯ ತಿಂದವನು ಬೇರೆ. ಅವನು ಏನೂ ಬೇಡ ಅನ್ನುವವನು.

ಆಂಧ್ರದ ಗಡಿಯ ಹೊಳಗುಂದದ ನಮ್ಮ ಗುಂಪಿನಲ್ಲಿ ಅವನಿಗೆ ಬ್ಯಾಡಪ್ಪ ಅಂತಲೇ ಹೆಸರು. ಅಪ್ಪ ಅವ್ವ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಭದ್ರವಾಗಿದೆ, ಅದನ್ನಿಲ್ಲಿ ಎಳೆದು ತರುವುದಿಲ್ಲ. ಬೆಂಚಿನ ಮೇಲೆ ಕೂತ ಕೂಡಲೇ ಅವನ ಮೊದಲ ಮಾತು: “ನಂಗೇನ್ ಬ್ಯಾಡಪ್ಪ, ಮನ್ಯಾಗ ತಿಂದ್ಕಂಡೇ ಬಂದೀನಿ. ನೀವ್ ತಿನ್ರಿ.” ಹುಡುಗ ತೆಲುಗಿನವನಾದರೆ “ನಾಕೇಂ ವದ್ದು” ಅನ್ನುತ್ತಾನೆ. ಗಡಿಯ ಮೇಲೆ ಹುಟ್ಟಿದ ಲಾಭ, ಎರಡು ಭಾಷೆಯಲ್ಲೂ ನಿರಾಕರಿಸಬಲ್ಲ. ನಿರಾಕರಿಸಿ, ಎರಡೂ ತೋಳು ಮಡಚಿ, ಬೆರಳು ಒಣಗಿಸಿಕೊಂಡು ಕಾಯುತ್ತಾನೆ.

ನಮ್ಮ ಕಡೆ ಬೆಳಗಿನ ತಿಂಡಿ ಅಂದರೆ ಒಗ್ಗರಣೆ, ಮಿರ್ಚಿ. ದೋಸೆ, ಇಡ್ಲಿ ಬೇಕಾದವರು ತಿನ್ನಲಿ, ಬೇಡ ಅನ್ನುವುದಿಲ್ಲ. ಆದರೆ ಮಂಡಾಳನ್ನು ನೀರಿಗೆ ಹಾಕಿ ಹಿಂಡಿ ತೆಗೆದು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿಣದ ಒಗ್ಗರಣೆಯಲ್ಲಿ ಹೊರಳಿಸಿ, ಮೇಲೆ ಪುಟಾಣಿ ಪುಡಿ ಉದುರಿಸಿ, ಲಿಂಬೆ ಹಿಂಡಿ ಕೊಟ್ಟ ಪ್ಲೇಟಿನ ಮುಂದೆ ಉಳಿದದ್ದೆಲ್ಲ ಸಪ್ಪೆ. ಅದರ ಮಗ್ಗುಲಲ್ಲಿ ಮಿರ್ಚಿ: ಉದ್ದ ಮೆಣಸಿನಕಾಯಿಯ ಹೊಟ್ಟೆ ಸೀಳಿ, ಓಮ ಉಪ್ಪು ಸವರಿ, ಕಡ್ಲೆಹಿಟ್ಟಿನಲ್ಲಿ ಅದ್ದಿ ಕರಿದದ್ದು. ಆಂಧ್ರದವರು ಉಗ್ಗಾನಿ ಬಜ್ಜಿ ಅಂತ ತಿನ್ನುವುದೂ ಇದನ್ನೇ. ಮಿರ್ಚಿಯ ತುದಿಯಲ್ಲಿ ಬರೀ ಹಿಟ್ಟು, ತೊಟ್ಟಿನ ಕಡೆ ಬರೀ ಖಾರ. ತಿನ್ನುವ ಸುಖ ಇರುವುದು ನಟ್ಟನಡುವೆ. ಬ್ಯಾಡಪ್ಪನಿಗೆ ಈ ಭೂಗೋಳ ಚೆನ್ನಾಗಿ ಗೊತ್ತು.

“ಕಚ್ಚಿಲ್ಲ ಅಲ್ಲೇನು?” ಇದು ಅವನ ಎರಡನೇ ಮಾತು. ಎಂಜಲಿನ ವಿಷಯದಲ್ಲಿ ಮಹಾ ಮಡಿವಂತ. ಇಲ್ಲ ಅಂದಿರೋ, ನಡುವಿನ ತುಂಡು ಹೋಯಿತು. “ಒಂದ್ ತುಣುಕು ರುಚಿ ನೋಡಿದೆ. ಉಪ್ಪು ಒಂಚೂರು ಕಡಿಮಿ.” ಮುಂದಿನ ತುಣುಕು ಉಪ್ಪು ನಿಜವಾಗಿ ಕಡಿಮೆಯೋ ಅಂತ ಖಾತ್ರಿ ಮಾಡಿಕೊಳ್ಳಲು. ಅದರ ಮುಂದಿನದು ನನ್ನ ಆರೋಗ್ಯದ ಕಾಳಜಿಯಿಂದ: “ನಿಂಗ ಬಿಪಿ ಐತಲ್ಲಲೇ, ಅಷ್ಟೆಲ್ಲಾ ಎಣ್ಣಿ ತಿನ್ನಬ್ಯಾಡ.” ನನ್ನ ತಟ್ಟೆಯನ್ನು ಎದುರಿನವನ ಕಡೆ ಸರಿಸಿ “ನೀನೂ ತಗೋಲೇ, ನಾಚಿಗಿ ಯಾಕ?” ಅಂತ ಉಪಚಾರ ಮಾಡುವುದೂ ಉಂಟು. ಕರ್ಣ ಕೂಡ ದಾನ ಮಾಡಿದ್ದು ತನ್ನದನ್ನು. ಬ್ಯಾಡಪ್ಪ ಅವನಿಗಿಂತ ಒಂದು ಕೈ ಮೇಲು.

ಪಾಲಿನ ಮಾತು ಬಂದದ್ದಕ್ಕೆ ಹೇಳುತ್ತೇನೆ: 1953ರ ಅಕ್ಟೋಬರ್ 1ರಂದು ಹಳೇ ಬಳ್ಳಾರಿ ಜಿಲ್ಲೆಯನ್ನು ಪಾಲು ಮಾಡಿದರು. ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಿಗೆ, ಬಳ್ಳಾರಿ, ಸಿರುಗುಪ್ಪ ಮೈಸೂರಿನ ಪಾಲಿಗೆ. ಹಾಗೆ ನಾವು ಕನ್ನಡ ಮಾತಾಡುತ್ತಲೇ ಆಂಧ್ರದವರಾದೆವು. ಗಡಿ ಎಳೆಯಲು ಬಂದ ದೊಡ್ಡವರನ್ನು ಒಂದು ಬೆಳಿಗ್ಗೆ ಬ್ಯಾಡಪ್ಪನ ಮಗ್ಗುಲಲ್ಲಿ ತಿಂಡಿಗೆ ಕೂರಿಸಿದ್ದರೆ, ಯಾವ ಗೆರೆಗೂ ಬೆಲೆಯಿಲ್ಲ ಅಂತ ನಕ್ಷೆ ಸುತ್ತಿಕೊಂಡು ಎದ್ದು ಹೋಗುತ್ತಿದ್ದರು. ಹರಪನಹಳ್ಳಿಯಲ್ಲಿ ಹುಟ್ಟಿದ ಹಾಸ್ಯಸಾಹಿತಿ ಬೀಚಿಯವರು ಹಳೇ ಲೆಕ್ಕದಲ್ಲಿ ನಮ್ಮ ಜಿಲ್ಲೆಯವರೇ. ಅವರ ಕೈಗೆ ಇವನು ಸಿಗದೆ ನನ್ನಂಥವನ ಕೈಗೆ ಸಿಕ್ಕಿದ್ದು ಇಬ್ಬರ ದುರದೃಷ್ಟ.

ಸುಮ್ಮನೆ ಯಾಕೆ ತಾಳಿಕೊಂಡಿರಿ ಅಂತ ನೀವು ಕೇಳಬಹುದು. ನಾವೇನು ಪುಕ್ಕಲರಲ್ಲ. ದೇವರಗಟ್ಟು ಇರುವುದು ನಮ್ಮ ಹೊಳಗುಂದ ಮಂಡಲದಲ್ಲೇ. ವಿಜಯದಶಮಿಯ ರಾತ್ರಿ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಊರೂರ ಜನ ಬಡಿಗೆ ಹಿಡಿದು ಎದುರುಬದುರಾಗುವುದು, ತಲೆ ಒಡೆದರೆ ಭಂಡಾರ ಮೆತ್ತಿಕೊಂಡು ಮತ್ತೆ ನುಗ್ಗುವುದು, ಪೊಲೀಸರ ಬಂದೋಬಸ್ತು ಎಲ್ಲ ಪೇಪರಿನಲ್ಲಿ ಓದಿರುತ್ತೀರಿ. ನಮ್ಮ ಗುಂಪಿನಲ್ಲೂ ಆ ಬಡಿಗೆ ಮಳೆಯಲ್ಲಿ ನಿಂತು ಬಂದವರಿದ್ದಾರೆ. ಅಂಥ ಗಂಡುಗಲಿಗಳು ಕೂಡ ಬ್ಯಾಡಪ್ಪನ ಎರಡು ಬೆರಳು ಹತ್ತಿರ ಬಂದಾಗ ತಟ್ಟೆಯನ್ನು ಎದೆಗವಚಿಕೊಂಡದ್ದು ಬಿಟ್ಟರೆ ಬೇರೇನೂ ಮಾಡಿಲ್ಲ.

ನಾನು ಮಾಡಿದೆ. ಹತ್ತಿಯ ಕಾಲ. ಆದೋನಿ ಯಾರ್ಡಿಗೆ ಹತ್ತಿ ಹಾಕಿ, ಟೆಂಡರ್ ಆಗುವ ತನಕ ಬೋರೆಗಳ ಮೇಲೆ ಕೂತು ಕೂತು, ರೇಟು ಕೇಳಿ ಅರ್ಧ ಹಸಿವು ಸತ್ತು, ಉಳಿದ ಅರ್ಧ ಹಸಿವಿನೊಂದಿಗೆ ನಾಲ್ವರೂ ಒಂದು ಹೋಟೆಲು ಹೊಕ್ಕೆವು. ಅವನು ಬಾಯಿ ತೆರೆಯುವ ಮುಂಚೆಯೇ ಕೂಗಿದೆ, “ನಾಕು ಒಗ್ಗರಣಿ, ನಾಕು ಮಿರ್ಚಿ.” ಅವನು ಎಂದಿನ ಮಾತು ಅಂದ. ನಾನು ಕೇಳಿಸಲಿಲ್ಲ ಅನ್ನುವಂತೆ ಕೈ ತೊಳೆಯಲು ಹೋದೆ. ಬಂದು ನೋಡಿದರೆ ನಾಲ್ಕೂ ತಟ್ಟೆ ಬಂದಿವೆ, ಹೊಗೆಯಾಡುತ್ತಿವೆ. ಒಂದು ಪೂರಾ ಪ್ಲೇಟು ಒಗ್ಗರಣೆ, ಅದರ ಮಗ್ಗುಲಲ್ಲಿ ಒಂದು ಪೂರಾ ಮಿರ್ಚಿ, ಬ್ಯಾಡಪ್ಪನ ಮುಂದೆ, ಅವನ ಸ್ವಂತದ್ದು. ಗೆದ್ದೆ ಅಂದುಕೊಂಡು ಕೂತೆ.

ಅವನ ಮುಖ ನೋಡಬೇಕಿತ್ತು. ಯಾರೋ ಕೇಳದೆ ಸಾಲ ಕೊಟ್ಟಂತೆ ತಟ್ಟೆಯನ್ನೇ ನೋಡಿದ. “ನಾ ಬ್ಯಾಡ ಅಂದಿದ್ನಲ್ಲಲೇ” ಅಂದ, ನಿಜವಾಗಿ ನೊಂದುಕೊಂಡು. ಆಮೇಲೆ ನೊಂದ ಮನಸ್ಸಿನಿಂದಲೇ ಅವನ ಬಲಗೈ ತನ್ನ ತಟ್ಟೆಯನ್ನು ದಾಟಿತು. ಸ್ಟೀಲಿನ ನೀರಿನ ಲೋಟ ದಾಟಿತು. ಚಟ್ನಿ ಬಟ್ಟಲಿನ ಮೇಲಿಂದ ಬಂದು, ನನ್ನ ತಟ್ಟೆಯಲ್ಲಿದ್ದ ಮಿರ್ಚಿಯ ನಟ್ಟನಡುವೆ ಇಳಿಯಿತು.

“ನಿನ್ನ ಮುಂದ ಐತಲ್ಲೋ ಮಾರಾಯ!”

“ಅದು ಇರ್ಲಿ ಬಿಡು. ಯಾರಿಗರ ಬೇಕಾದೀತು.”

ಆಗಿದ್ದೂ ಹಾಗೆಯೇ. ಅವನ ತಟ್ಟೆ ನಮ್ಮ ಮೂವರ ಕೈಗೂ ಸುತ್ತಿತು, ನಮ್ಮ ಮೂರೂ ತಟ್ಟೆಗಳಿಗೆ ಅವನ ಕೈ ಸುತ್ತಿತು. ಗಲ್ಲಾದ ಹತ್ತಿರ ಮಾತ್ರ ಅವನೇ ಮುಂದೆ ನಿಂತು, ಬಿಲ್ಲು ಹಿಡಿದು, “ನಾಕ್ ಪ್ಲೇಟ್ ಹಾಕ್ಯಾರ ನೋಡು, ತಿಂದಿದ್ದು ಮೂರೇ ಮಂದಿ” ಅಂತ ಯಜಮಾನನ ಜೊತೆ ವಾದಕ್ಕೆ ನಿಂತ. ಅವನನ್ನು ಹೊರಗೆ ಎಳೆದು ತರುವಷ್ಟರಲ್ಲಿ ತಿಂದ ಮಿರ್ಚಿ ಕರಗಿಹೋಗಿತ್ತು. ಈಗಂತೂ ಫೋನಿನಲ್ಲೇ ದುಡ್ಡು ಹೋಗುತ್ತದೆ, ಒಬ್ಬ ಕೊಟ್ಟು ಉಳಿದವರಿಗೆ ಅವರವರ ಪಾಲು ಕೇಳಿ ಕಳಿಸುತ್ತಾನೆ. ಆ ಪಾಲಿನಲ್ಲಿ ಬ್ಯಾಡಪ್ಪನ ನಂಬರು ಇವತ್ತಿಗೂ ಸೇರಿಲ್ಲ. ಏನೂ ತಿನ್ನದವನ ಹತ್ತಿರ ಹೇಗೆ ಕೇಳುವುದು?

ಜಿಪುಣ ಅಂತ ಬರೆದು ಕೈ ತೊಳೆದುಕೊಂಡರೆ ಸುಲಭವಿತ್ತು. ಆದರೆ ತುಂಬಿದ ತಟ್ಟೆ ಎದುರಿಗಿಟ್ಟುಕೊಂಡು ಪಕ್ಕದ ತಟ್ಟೆಗೆ ಕೈ ಹಾಕುವುದು ಜಿಪುಣರ ಲಕ್ಷಣ ಅಲ್ಲ. ಆದೋನಿಯಲ್ಲಿ ನಾವು ಓದುತ್ತಿದ್ದ ಕಾಲಕ್ಕೆ ಎಲ್ಲರ ಜೇಬು ಝಾಡಿಸಿದರೆ ಒಂದು ಪ್ಲೇಟಿನ ದುಡ್ಡು ಬೀಳುತ್ತಿತ್ತು. ಹೋಟೆಲಿನವನು ಒಂದು ಚಹಾವನ್ನು ಒನ್ ಬೈ ಟೂ ಮಾಡಿಕೊಡುತ್ತಿದ್ದ, ಅದನ್ನು ನಾವು ಬೈ ಫೋರ್ ಮಾಡುತ್ತಿದ್ದೆವು. ಆ ಒಂದು ತಟ್ಟೆ ಯಾರದು ಅಂತ ಯಾರೂ ಕೇಳಿದ್ದು ನೆನಪಿಲ್ಲ. ಆಮೇಲೆ ಒಬ್ಬ ಮೇಷ್ಟ್ರಾದ, ಒಬ್ಬ ಗೊಬ್ಬರದ ಅಂಗಡಿ ಇಟ್ಟ, ನನಗೆ ಬಿಪಿ ಬಂತು. ಒಬ್ಬೊಬ್ಬರಿಗೆ ಒಂದೊಂದು ತಟ್ಟೆಯಾಯಿತು. ಹಾಗೆ ಆದದ್ದು ಬ್ಯಾಡಪ್ಪನಿಗೆ ಯಾರೂ ತಿಳಿಸಲಿಲ್ಲವೇನೋ. ಅವನು ಊರಲ್ಲಿಲ್ಲದ ದಿನ ನಾವು ಮೂವರೇ ಹೋಗಿ ನಮ್ಮ ನಮ್ಮ ಮಿರ್ಚಿ ನಾವು ನಾವೇ ತಿಂದು, ಬೇಗ ಎದ್ದು ಬರುತ್ತೇವೆ. ನಡುವಿನ ತುಂಡು ಪೂರಾ ನನಗೇ ಸಿಗುತ್ತದೆ, ಆದರೂ ಎರಡನೇ ಪ್ಲೇಟು ಹೇಳುವ ಮನಸ್ಸಾಗುವುದಿಲ್ಲ. ಇದನ್ನು ಅವನಿಗೆ ಹೇಳಬೇಡಿ.

ಅವನ ಮನೆಗೆ ಹೋದರೆ ವ್ಯವಹಾರವೇ ತಲೆಕೆಳಗು. ಅಲ್ಲಿ ನೀವು ಬ್ಯಾಡ ಅಂದರೆ ನಡೆಯುವುದಿಲ್ಲ. ಮೊನ್ನೆ ಹೋದಾಗ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಸಾಕೆಂದು ತಟ್ಟೆಗೆ ಅಡ್ಡ ಇಟ್ಟ ನನ್ನ ಅಂಗೈ ಮೇಲೆಯೇ ಇನ್ನೊಂದು ರೊಟ್ಟಿ ಇಟ್ಟ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ತಿರುಗಿ ಕೂತು ನನ್ನನ್ನು ವಿಚಾರಣೆಗೆ ಹಿಡಿದರು.

“ಅಣ್ಣಾ, ನಿಮ್ಮನ್ನ ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇವರಿಗೆ ಸಕ್ರಿ ಕಾಯಿಲಿ ಬಂದೈತಿ, ಡಾಕ್ಟ್ರು ಎಣ್ಣಿದು ಮುಟ್ಟಬ್ಯಾಡ ಅಂದಾರ. ಹೊರಗ ಕರ್ಕಂಡ್ ಹೋಗಿ ಮಿರ್ಚಿ ತಿನಿಸಿ ತಿನಿಸಿ ಕಳಿಸ್ತೀರಲ್ಲ, ಮನಿಗೆ ಬಂದ್ರ ಒಂದ್ ರೊಟ್ಟಿ ಉಣ್ಣಂಗಿಲ್ಲ. ನೀವರ ತಿಳಿದವ್ರು ಅಲ್ಲೇನು?”

ಬಾಯಲ್ಲಿ ರೊಟ್ಟಿ ಇತ್ತು, ಉತ್ತರ ಹೊರಡಲಿಲ್ಲ. ಬ್ಯಾಡಪ್ಪ ನನ್ನ ತಟ್ಟೆಯ ಎಣ್ಣೆಗಾಯಿಯಿಂದ ಒಂದು ಬದನೆಕಾಯಿ ಎತ್ತಿಕೊಳ್ಳುತ್ತ ಹೆಂಡತಿಯ ಕಡೆ ನೋಡಿ ಬಲು ಬೇಸರದಿಂದ ಅಂದ:

“ನಾ ಬ್ಯಾಡ ಬ್ಯಾಡ ಅಂತ ಬಡ್ಕಂತೀನಿ. ಇವರು ಕೇಳಂಗಿಲ್ಲ.”