‘ಏನೂ ಆಗಲ್ಲ’ ಯಜಮಾನರು

ಗೋವಿನಕೋವಿಯ ಸುತ್ತಮುತ್ತ, ನ್ಯಾಮತಿ, ಹೊನ್ನಾಳಿ, ಚನ್ನಗಿರಿಯ ಅಡಿಕೆ ಸೀಮೆಯಲ್ಲಿ, ‘ಏನೂ ಆಗಲ್ಲ’ ಯಜಮಾನರು ಊರಿಗೆ ನಾಲ್ವರಾದರೂ ಸಿಗುತ್ತಾರೆ. ವಯಸ್ಸು ಐವತ್ತು ದಾಟಿದೆ. ಹೆಗಲ ಮೇಲೆ ಟವೆಲ್, ಜೇಬಿನಲ್ಲಿ ಸುಣ್ಣದ ಡಬ್ಬಿ, ಎಡಗೆನ್ನೆಯಲ್ಲಿ ಸದಾ ಒಂದು ಉಬ್ಬು. ಉಬ್ಬಿನೊಳಗೆ ಎಲೆ, ಅಡಿಕೆ, ಚಿಟಿಕೆ ತಂಬಾಕು. ರಾತ್ರಿ ಮಲಗಿದಾಗಲೂ ಅದು ಅಲ್ಲೇ ಇರುವುದುಂಟು.

ರೋಗವನ್ನು ಮೊದಲೇ ಪತ್ತೆ ಹಚ್ಚುವುದರಲ್ಲಿ ಇವರನ್ನು ಮೀರಿಸುವವರಿಲ್ಲ, ತೋಟದ ಮಟ್ಟಿಗೆ. ಮಳೆಗಾಲ ಹಿಡಿಯುವ ಮುಂಚೆಯೇ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಸುತ್ತಾರೆ. ಕೊಳೆ ರೋಗ ಬಂದ ಮೇಲೆ ಹೊಡೆದರೆ ಉದುರಿದ ಕಾಯಿ ಮತ್ತೆ ಗೊನೆಗೆ ಹತ್ತುತ್ತದೆಯೇ ಎಂದು ಪಕ್ಕದ ತೋಟದವನಿಗೆ ಬುದ್ಧಿ ಹೇಳುತ್ತಾರೆ. ಗರಿ ಹಳದಿಯಾದರೆ ಅಣಬೆ ರೋಗವೋ ಏನೋ ಎಂದು ಅಂದೇ ಬುಡ ಕೆದಕಿ ನೋಡುತ್ತಾರೆ. ಸ್ವಂತ ಕೆನ್ನೆಯೊಳಗಿನ ಬಿಳಿ ಮಚ್ಚೆಗೆ ಮಾತ್ರ ಎರಡು ವರ್ಷ ತುಂಬಿದೆ.

ಕೇಳಿದರೆ ಉತ್ತರ ಸಿದ್ಧ: “ನಮ್ಮಜ್ಜ ತೊಂಬತ್ತು ವರ್ಷ ಹಾಕಿದ, ಏನಾತು?” ಐವತ್ತಕ್ಕೇ ತೀರಿಹೋದ ಚಿಕ್ಕಜ್ಜ ಈ ಲೆಕ್ಕದಲ್ಲಿ ಬರುವುದಿಲ್ಲ. ತಂಬಾಕು ಕೆಟ್ಟದ್ದೆಂದು ಒಪ್ಪುತ್ತಾರೆ, “ಅಡಿಕೆ ಏನ್ ಮಾಡ್ತತಿ?” ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿ 2004ರಲ್ಲೇ ವರದಿ ಪ್ರಕಟಿಸಿದೆ. ಯಜಮಾನರ ಪ್ರಕಾರ ಅದು ರೇಟು ಇಳಿಸುವ ಹುನ್ನಾರ. ಮನೆ, ಮದುವೆ, ಮಕ್ಕಳ ಓದು ಎಲ್ಲವೂ ಅಡಿಕೆಯ ಮೇಲೆ ನಿಂತಿರುವ ಸೀಮೆಯಲ್ಲಿ ಈ ಸಿಟ್ಟು ಅರ್ಥವಾಗದ್ದೇನಲ್ಲ. ಆದರೆ ಬೆಳೆಯುವುದು ಬೇರೆ, ಅಗಿಯುವುದು ಬೇರೆ. ಮಗನ ವಿಷಯಕ್ಕೆ ಬಂದರೆ ಇವರೇ ಕಟ್ಟುನಿಟ್ಟು. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿದ ಮೇಲೆ ಮಗ ಪಾನ್ ಮಸಾಲದ್ದೊಂದು, ತಂಬಾಕಿನದೊಂದು ಪೊಟ್ಟಣ ಕೊಂಡು ಅಂಗೈಯಲ್ಲೇ ಕಲಸಿಕೊಳ್ಳುತ್ತಾನೆ. “ಆ ಪ್ಯಾಕೆಟ್ ತಿಂದು ಸಾಯ್ತೀಯ ನೋಡು” ಎಂದು ಗದರಿ, ಅಪ್ಪ ಎಲೆಗೆ ಸುಣ್ಣ ಸವರುತ್ತಾರೆ.

ಮೊದಲ ಲಕ್ಷಣ ಊಟದ ಹೊತ್ತಿನಲ್ಲಿ ಕಾಣಿಸುತ್ತದೆ. ಸಾರು ಬಾಯಿಗಿಟ್ಟರೆ ಉರಿ. ತಪ್ಪು ಮೊದಲು ಮೆಣಸಿನಕಾಯಿಯದು, ಆಮೇಲೆ ಹೆಂಡತಿಯದು. ವಾಸ್ತವದಲ್ಲಿ ಅಡಿಕೆಯಿಂದ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುತ್ತಿರುತ್ತದೆ; ಬರಬರುತ್ತ ಬಾಯಿ ತೆರೆಯುವುದೇ ಕಷ್ಟ. ಮೂರು ಬೆರಳು ಜೋಡಿಸಿ ಮೇಲು-ಕೆಳ ಹಲ್ಲುಗಳ ನಡುವೆ ನೆಟ್ಟಗೆ ಹಿಡಿಸದಿದ್ದರೆ ತೋರಿಸಿಕೊಳ್ಳಬೇಕು. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಮಚ್ಚೆ, ಅದಕ್ಕಿಂತ ಅಪಾಯದ ಕೆಂಪು ಮಚ್ಚೆ ಇದ್ದರೂ ಅಷ್ಟೆ.

ಮೂವತ್ತು ದಾಟಿದವರ ಬಾಯಿ, ಹೆಂಗಸರಾದರೆ ಸ್ತನ ಮತ್ತು ಗರ್ಭಕೊರಳನ್ನೂ ತಪಾಸಣೆ ಮಾಡುವ ವ್ಯವಸ್ಥೆ ಸರ್ಕಾರದ್ದೇ ಇದೆ. ಆಶಾ ಕಾರ್ಯಕರ್ತೆ ಫಾರಂ ಹಿಡಿದು ಮನೆಗೇ ಬರುತ್ತಾಳೆ. “ತಂಬಾಕು ಹಾಕ್ತೀರಾ ಮಾವ?” “ಇಲ್ಲವ್ವಾ” ಎನ್ನಲು ಯಜಮಾನರು ಮೊದಲು ಅಂಗಳಕ್ಕೆ ಹೋಗಿ ಉಗುಳಿ ಬರಬೇಕಾಗುತ್ತದೆ. ಬಾಯಿ ತಪಾಸಣೆಗೆ ಬೇಕಾದದ್ದು ಒಂದು ಟಾರ್ಚು, ಪಳಗಿದ ಕಣ್ಣು. ತಿರುವನಂತಪುರದ ಕಡೆ 1996ರಿಂದ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಷ್ಟರಿಂದಲೇ ತಂಬಾಕು ಅಥವಾ ಹೆಂಡದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಮೂರನೇ ಒಂದರಷ್ಟು ತಗ್ಗಿತ್ತು.

ಯಜಮಾನರ ಹೆಂಡತಿಯದು ಇನ್ನೊಂದು ಜಾತಿಯ ‘ಏನೂ ಆಗಲ್ಲ’. ಎದೆಯಲ್ಲಿ ಗಂಟು ಸಿಕ್ಕಿದೆ, ನೋವಿಲ್ಲ. ಕೊಯ್ಲು ಮುಗಿಯಲಿ, ಮಗಳ ಬಾಣಂತನ ಮುಗಿಯಲಿ. ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕೆಂದು ಆಕೆಗೆ ಯಾರೂ ಹೇಳಿರುವುದಿಲ್ಲ.

ಕೊನೆಗೆ ರೊಟ್ಟಿ ಮುರಿದು ಬಾಯಿಗಿಡಲಾಗದ ದಿನ ಯಜಮಾನರು ದಾವಣಗೆರೆ ಬಸ್ಸು ಹತ್ತುತ್ತಾರೆ. ಅದೃಷ್ಟವಿದ್ದರೆ ವೈದ್ಯರು ಮಚ್ಚೆಯ ಚೂರು ತೆಗೆದು ಪರೀಕ್ಷಿಸಿ, ಇನ್ನೂ ಕ್ಯಾನ್ಸರ್ ಆಗಿಲ್ಲ ಎನ್ನುತ್ತಾರೆ. ಎಲೆಯಡಿಕೆ ಪೂರ್ತಿ ಬಂದ್. ಬಿಗಿದ ಬಾಯಿ ಸಡಿಲಿಸಲು ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳುವ ವ್ಯಾಯಾಮ. ವಾರಕ್ಕೊಂದು ಕಡ್ಡಿ ಹೆಚ್ಚಿದರೆ ಪ್ರಗತಿ. ಯಜಮಾನರು ಅರಳಿಕಟ್ಟೆಯಲ್ಲೇ ಅದನ್ನು ಮಾಡುತ್ತ ಕೂರುತ್ತಾರೆ, ಕಡ್ಡಿ ತೆಗೆದಾಗಲೆಲ್ಲ ಪಕ್ಕದವರಿಗೆ ಬಾಯಿ ತೆಗಿ ನೋಡೋಣ ಎನ್ನುತ್ತಾರೆ. ಪಕ್ಕದವರು ಹೇಳುವುದು ಒಂದೇ: “ಏನೂ ಆಗಲ್ಲ ಬಿಡಿ.”