ವೈಶಾಲಿಯ ಸರದಿಯಲ್ಲಿ ಮಂಗರಸ

ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯ ‘ವೈಶಾಲಿ’ಯಲ್ಲಿ ಭಾನುವಾರ ಬೆಳಿಗ್ಗೆ ಕುರ್ಚಿ ಸಿಗುವುದೂ ಒಂದೇ, ಚುನಾವಣೆಗೆ ಟಿಕೆಟ್ ಸಿಗುವುದೂ ಒಂದೇ. ನಮ್ಮ ತುಳುನಾಡಿನಿಂದ ಹೋದ ಜಗನ್ನಾಥ ಶೆಟ್ಟರು ಬೆಳೆಸಿದ ಹೋಟೆಲು. ದೋಸೆ-ಸಾಂಬಾರಿನಷ್ಟೇ ಅಲ್ಲಿನ ಸೇವ್-ಪೊಟ್ಯಾಟೊ-ದಹಿ-ಪೂರಿಯೂ ಹೆಸರುವಾಸಿ. ಊರವರು ಚುಟುಕಾಗಿ ‘ಎಸ್‌ಪಿಡಿಪಿ’ ಎನ್ನುತ್ತಾರೆ. ಹೊಸಬರು ಯಾವ ಪಕ್ಷವೆಂದು ಕೇಳಿದರೂ ಆಶ್ಚರ್ಯವಿಲ್ಲ!

ಸರದಿಯಲ್ಲಿ ನಿಂತಾಗ ಓದಲು ಮೂರನೇ ಮಂಗರಸನ ‘ಸೂಪಶಾಸ್ತ್ರ’ ಒಯ್ಯಿರಿ. 16ನೇ ಶತಮಾನದ ಈ ಪುಣ್ಯಾತ್ಮ ಅಡುಗೆಯನ್ನು ಷಟ್ಪದಿಯಲ್ಲೇ ಬಡಿಸಿದ್ದಾನೆ, ಬದನೆಕಾಯಿಗೂ ಕಾವ್ಯಯೋಗ! ಆದರೆ ಖಾಲಿ ಹೊಟ್ಟೆಯಲ್ಲಿ ಹೆಚ್ಚು ಓದಬೇಡಿ. ಒಳಗೆ ಕುಳಿತೊಡನೆ ಎರಡು ದೋಸೆ ಜಾಸ್ತಿಯೇ ಹೇಳಿಬಿಡುತ್ತೀರಿ. ಅಡುಗೆ ಬರಹ ಚೆನ್ನಾಗಿದೆಯೋ ಇಲ್ಲವೋ ತೀರ್ಮಾನಿಸಲು ವಿಮರ್ಶಕರು ಬೇಡ, ಹೋಟೆಲಿನ ಬಿಲ್ಲು ನೋಡಿದರೆ ಸಾಕು.