ಮೇಲೆ ಸನ್ಯಾಸ, ಕೆಳಗೆ ಸಂಸಾರ

ಜರ್ಮನ್ನರ ಮನೆ ಹೊಕ್ಕವರಿಗೆ ಮೊದಲು ಬರುವ ಅನುಮಾನ: ಇವರು ಈಗಷ್ಟೇ ಬಂದಿಳಿದರೋ, ಇಲ್ಲ ಗಂಟುಮೂಟೆ ಕಟ್ಟಿ ಹೊರಟು ನಿಂತಿದ್ದಾರೋ? ಬಿಳಿ ಗೋಡೆ, ಒಂದು ಸೋಫಾ, ಒಂದು ದೀಪ. ಮುಗಿಯಿತು ಅಲಂಕಾರ!

ಈ ಬೋಳುತನಕ್ಕೂ ವಂಶಾವಳಿ ಇದೆ. 1919ರಲ್ಲಿ ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ವೈಮಾರ್‌ನಲ್ಲಿ ಬೌಹೌಸ್ ಎಂಬ ವಿನ್ಯಾಸ ಶಾಲೆ ತೆರೆದರು. ಆ ಶಾಲೆಯ ಮಾರ್ಸೆಲ್ ಬ್ರಾಯರ್ ಸೈಕಲ್ ಹ್ಯಾಂಡಲ್ ನೋಡಿ, ಉಕ್ಕಿನ ಕೊಳವೆ ಬಗ್ಗಿಸಿ ಕುರ್ಚಿ ಮಾಡಿದರು. 1926ರ ಫ್ರಾಂಕ್‌ಫರ್ಟ್ ಅಡುಗೆಮನೆ ಎಂಬ ವಿನ್ಯಾಸವಂತೂ ಇನ್ನೂ ಬಿಗಿ. ವಾಸ್ತುಶಿಲ್ಪಿ ಮಾರ್ಗರೆಟೆ ಶೂಟೆ-ಲಿಹೋಟ್ಸ್ಕಿ ಸುಮಾರು ಆರೂವರೆ ಚದರ ಮೀಟರಿನಲ್ಲಿ ಇಡೀ ಅಡುಗೆ ವ್ಯವಹಾರ ಕೂರಿಸಿಬಿಟ್ಟರು. ಅಕ್ಕಿಗೆ, ಸಕ್ಕರೆಗೆ ಹೆಸರು ಬರೆದ ಅಲ್ಯೂಮಿನಿಯಂ ಡ್ರಾಯರುಗಳು. ಹೊರಗೆಳೆದು ಮೂತಿಯಿಂದ ನೇರ ಪಾತ್ರೆಗೆ ಸುರಿದರಾಯಿತು. ಸಕ್ಕರೆ ಡಬ್ಬದಲ್ಲಿ ಸಾಸಿವೆ ಇಡುವ ಸ್ವಾತಂತ್ರ್ಯ ಮಾತ್ರ ಯಾರಿಗೂ ಇಲ್ಲ.

ಬಾಡಿಗೆ ಮನೆಯ ಕಥೆ ಕೇಳಲೇಬೇಡಿ. ಎಷ್ಟೋ ಕಡೆ ಅಡುಗೆಮನೆಯ ಗೋಡೆಯಿಂದ ನೀರಿನ ಪೈಪು ಮಾತ್ರ ಇಣುಕುತ್ತಿರುತ್ತದೆ. ಹಳೆಯ ಬಾಡಿಗೆದಾರ ಒಲೆ, ಸಿಂಕು, ಕಪಾಟು, ಕೊನೆಗೆ ದೀಪವನ್ನೂ ಬಿಡದೆ ಹೊತ್ತೊಯ್ದಿರುತ್ತಾನೆ. ಮಿನಿಮಲಿಸಂ ಅಂದರೆ ಇದಪ್ಪಾ!

ಹಾಗಾದರೆ ಸಾಮಾನೆಲ್ಲ ಎಲ್ಲಿ? ನೆಲಮಾಳಿಗೆಗೆ ಇಳಿಯಿರಿ. ಬಹಳಷ್ಟು ಕಟ್ಟಡಗಳಲ್ಲಿ ಫ್ಲ್ಯಾಟಿಗೊಂದು ಬೀಗ ಹಾಕಿದ ಗೂಡು. ಮರದ ಪಟ್ಟಿಗಳ ಸಂದಿಯಲ್ಲಿ ಕಣ್ಣಿಟ್ಟರೆ ಸ್ಕೀ, ಸೂಟ್‌ಕೇಸು, ಕ್ರಿಸ್‌ಮಸ್ ಸರಂಜಾಮು, ಅತ್ತೆ ಕೊಟ್ಟ ಹೂದಾನಿ!

ಜರ್ಮನ್ ಶೈಲಿಯಲ್ಲಿ ಮನೆ ಸಿಂಗರಿಸಹೊರಟವರಿಗೆ ಒಂದೇ ಕಿವಿಮಾತು: ಸೋಫಾ ಆಮೇಲೆ ಕೊಳ್ಳಿ, ಮೊದಲು ನೆಲಮಾಳಿಗೆ ಹುಡುಕಿ.